ಪುಸ್ತಕದೊಳಗೆ ಒಂದು ಮಳೆಗಾಲ: ಬುಕ್‌ಮಾರ್ಕ್ ಮಾಡಿ ನೋಡಿದ್ದು

ಚಿಕ್ಕಮಗಳೂರಿನಲ್ಲಿ ಒಂದು ಬುಕ್‌ಮಾರ್ಕ್ ಚೆನ್ನಾಗಿದೆಯೋ ಇಲ್ಲವೋ ಎಂದು ಜನವರಿಯಲ್ಲಿ ಹೇಳಲು ಬರುವುದಿಲ್ಲ. ಆಗ ಎಲ್ಲವೂ ಚೆನ್ನಾಗಿಯೇ ಇರುತ್ತವೆ. ಕಾರ್ಡು ಸೆಟೆದುಕೊಂಡಿರುತ್ತದೆ, ಬಣ್ಣ ಮಿರಿಮಿರಿ ಎನ್ನುತ್ತದೆ, ಒಣಗಿಸಿದ ಎಲೆ ಗರಿಗರಿ. ಆರಿದ್ರಾ ಮಳೆಯಿಂದ ಆಶ್ಲೇಷದವರೆಗೆ ಪುಸ್ತಕದ ಹೊಟ್ಟೆಯೊಳಗೆ ಕೂತು ಹೊರಬಂದಾಗಲೇ ಅದರ ಬಂಡವಾಳ ಗೊತ್ತಾಗುವುದು. ಗೋಡೆ ಬೆವರಿ, ಉಪ್ಪು ನೀರಾಗಿ, ಬೀರುವಿನೊಳಗಿನ ಬೆಲ್ಟಿಗೂ ಬೂಷ್ಟು ಹಿಡಿಯುವ ಕಾಲ ಅದು. ಅದಕ್ಕೇ ಓದುಗರ ಬಳಗಕ್ಕೆಂದು ಬುಕ್‌ಮಾರ್ಕ್ ಮಾಡಹೊರಟಾಗ ಮೊದಲ ಕಂತನ್ನು ಯಾರಿಗೂ ಹಂಚಲಿಲ್ಲ. ಒಂಬತ್ತು ಬಗೆ ಮಾಡಿ, ಹೋದರೆ ಹೋಗಲಿ ಎನ್ನುವಂಥ ಹಳೆಯ ಪುಸ್ತಕಗಳಲ್ಲಿಟ್ಟು, ಸೆಪ್ಟೆಂಬರ್ ಕೊನೆಗೆ ತೆರೆದು ನೋಡಿದೆವು.

ಮೊದಲು ಅಳತೆ. ಬುಕ್‌ಮಾರ್ಕಿನ ಅಳತೆಯನ್ನು ಪುಸ್ತಕ ನೋಡಿ ಇಡಬೇಕು, ಚಿತ್ರ ನೋಡಿ ಅಲ್ಲ. ಕನ್ನಡದಲ್ಲಿ ಕಾದಂಬರಿ, ಕಥಾಸಂಕಲನ ಹೆಚ್ಚಾಗಿ ಬರುವುದು ಡೆಮಿ 1/8ರಲ್ಲಿ, ಅಂದರೆ ಸುಮಾರು 14 x 21.5 ಸೆಂ.ಮೀ. ಹಳೆಯ ಪುಸ್ತಕ, ಚಿಕ್ಕ ಕವನಸಂಕಲನಗಳು ಕ್ರೌನ್ 1/8ರಲ್ಲಿ ಸಿಗುತ್ತವೆ, ಸುಮಾರು 12 x 18. ಇವೆರಡಕ್ಕೂ ಒಗ್ಗುವುದು ಬೇಕಿತ್ತು. ಮೊದಲು ಬರೆದುಕೊಂಡ ಅಳತೆ 48 x 165 ಮಿ.ಮೀ. ಕ್ರೌನ್ ಪುಸ್ತಕದೊಳಗಿಟ್ಟರೆ ಅದು ಮೇಲೆ 15 ಮಿ.ಮೀ. ಇಣುಕಿದರೂ ಕೆಳಗೆ 3 ಸೆಂ.ಮೀ. ಮಾತ್ರ ಉಳಿಯುತ್ತದೆ. ಪುಟ ತಿರುಗಿಸುವ ಹೆಬ್ಬೆರಳು ಇರುವುದೇ ಅಲ್ಲಿ, ಪ್ರತಿ ಸಲ ತಗಲುತ್ತದೆ. ಕೊನೆಗೆ 45 x 140ಕ್ಕೆ ಇಳಿಸಿದೆವು. ಇದರಲ್ಲಿ ಇನ್ನೊಂದು ಲಾಭವೂ ಇತ್ತು, ಮುಂದೆ ಹೇಳುತ್ತೇವೆ.

ದಪ್ಪದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಗಟ್ಟಿ ಇದ್ದಷ್ಟೂ ಒಳ್ಳೆಯದು ಎನ್ನುವ ಭಾವನೆ. ಪುಸ್ತಕದ ಒಳಹಾಳೆ 70 ಅಥವಾ 80 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ) ಮ್ಯಾಪ್‌ಲಿಥೊ ಎಂಬ ಅಚ್ಚಿನ ಕಾಗದವಾದರೆ ಅದರ ದಪ್ಪ ಹೆಚ್ಚುಕಡಿಮೆ 0.1 ಮಿ.ಮೀ. 300 ಜಿಎಸ್‌ಎಂ ಆರ್ಟ್ ಕಾರ್ಡ್ ಸುಮಾರು 0.3 ಮಿ.ಮೀ., ಅಂದರೆ ಪುಟದ ಮೂರು ಪಟ್ಟು. ಅಲ್ಲಿಯವರೆಗೆ ಪುಸ್ತಕ ಸಹಿಸುತ್ತದೆ. ಅದನ್ನೇ 125 ಮೈಕ್ರಾನಿನ ಪೌಚ್‌ನಲ್ಲಿ ಲ್ಯಾಮಿನೇಷನ್ ಮಾಡಿದರೆ ಎರಡೂ ಬದಿ ಸೇರಿ ಅರ್ಧ ಮಿಲಿಮೀಟರ್ ದಾಟಿತು. ಮೇಲೆ ನಾಲ್ಕು ಪುಸ್ತಕ ಹೇರಿಟ್ಟರೆ ಬುಕ್‌ಮಾರ್ಕಿನ ಅಂಚು ಹತ್ತಾರು ಪುಟಗಳ ಮೇಲೆ ಗೆರೆಯಾಗಿ ಮೂಡುತ್ತದೆ, ಮತ್ತೆ ಹೋಗುವುದಿಲ್ಲ. ದಾರದ ಹೊಲಿಗೆ ಹಾಕಿದ ಪುಸ್ತಕ ಹೇಗೋ ತಡೆದುಕೊಂಡೀತು. ಈಗ ಹೆಚ್ಚು ಬರುವ ಪರ್ಫೆಕ್ಟ್ ಬೈಂಡಿಂಗ್‌ನಲ್ಲಿ ಪುಟಗಳನ್ನು ಹಿಡಿದಿರುವುದು ಬೆನ್ನಿನ ಬಿಸಿ ಅಂಟು ಮಾತ್ರ. ದಪ್ಪದ ವಸ್ತುವನ್ನು ಬೆನ್ನಿನ ಸಂದಿಯವರೆಗೆ ತುರುಕಿ ಪುಸ್ತಕ ಮುಚ್ಚಿದರೆ ಅಂಟು ಅಲ್ಲೇ ಬಿರುಕು ಬಿಡುತ್ತದೆ. ಮುಂದಿನ ಸಲ ತೆರೆದಾಗ ಪುಸ್ತಕ ತಾನಾಗಿ ಅದೇ ಜಾಗದಲ್ಲಿ ಬಾಯಿಬಿಡುತ್ತದೆ. ಆಮೇಲೆ ಬುಕ್‌ಮಾರ್ಕೇ ಬೇಡ! ಬೆನ್ನಿನಿಂದ ಒಂದು ಸೆಂ.ಮೀ. ಈಚೆಗಿಟ್ಟರೆ ಈ ಕಾಟ ಇಲ್ಲ.

ದಪ್ಪಕ್ಕಿಂತ ಮುಖ್ಯವಾದದ್ದು, ಯಾರೂ ಕೇಳದೇ ಇರುವುದು, ಕಾಗದದ ನಾರು. ಮಿಲ್ಲಿನಲ್ಲಿ ಕಾಗದ ತಯಾರಾಗುವಾಗ ನಾರುಗಳು ಯಂತ್ರ ಓಡುವ ದಿಕ್ಕಿಗೆ ಮಲಗುತ್ತವೆ. ತೇವ ಕುಡಿದಾಗ ನಾರು ಉದ್ದಕ್ಕೆ ಬೆಳೆಯುವುದು ಅತ್ಯಲ್ಪ, ಊದುವುದೆಲ್ಲ ಅಡ್ಡಕ್ಕೆ. ಬುಕ್‌ಮಾರ್ಕಿನ ಉದ್ದಕ್ಕೇ ನಾರು ಇದ್ದರೆ ಊದಲು ಸಿಗುವ ಅಗಲ 45 ಮಿ.ಮೀ. ಅಷ್ಟೇ. ಬಾಗಿದರೂ ದೋಣಿಯ ಹಾಗೆ ತುಸು ಬಾಗುತ್ತದೆ, ಪುಸ್ತಕದ ಭಾರಕ್ಕೆ ಮತ್ತೆ ಚಪ್ಪಟೆಯಾಗುತ್ತದೆ. ನಾರು ಅಡ್ಡಕ್ಕಿದ್ದರೆ 140 ಮಿ.ಮೀ. ಉದ್ದವೂ ಎಳೆದಾಡಿ ಬಿಲ್ಲಿನಂತೆ ತುದಿಯಿಂದ ತುದಿಗೆ ಬಾಗುತ್ತದೆ. ಪುಸ್ತಕದ ಪುಟಗಳಲ್ಲೂ ನಾರು ಬೆನ್ನಿಗೆ ಸಮಾನಾಂತರವಾಗಿರಬೇಕು ಎಂಬುದು ಬೈಂಡಿಂಗ್‌ನ ಹಳೆಯ ನಿಯಮ. ಬುಕ್‌ಮಾರ್ಕ್ ಕೂಡ ಅದೇ ದಿಕ್ಕಿಗಿದ್ದರೆ ಎರಡೂ ಒಟ್ಟಿಗೆ ಊದುತ್ತವೆ, ಒಟ್ಟಿಗೆ ಆರುತ್ತವೆ.

ಪ್ರೆಸ್ಸಿನಲ್ಲಿ ಕಟಿಂಗ್ ಮಷಿನ್ ಮುಂದೆ ನಿಂತವರನ್ನು "ನಾರು ಯಾವ ಕಡೆಗಿದೆ ಅಣ್ಣಾ?" ಎಂದು ಕೇಳಿದ್ದಕ್ಕೆ, "ಬಗ್ಗಿಸಿ ನೋಡಿ ಸಾರ್, ಅದೇ ಹೇಳ್ತದೆ" ಎಂದರು. ಅಷ್ಟೇ ಸಲೀಸು. ಹಾಳೆಯನ್ನು ಮುರಿಯದಂತೆ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಬಗ್ಗಿಸಬೇಕು. ಯಾವ ಕಡೆ ಬಗ್ಗಿಸಿದಾಗ ಮಣಿಯುತ್ತದೋ ಆ ಮಡಿಕೆಯ ಗೆರೆಯ ದಿಕ್ಕೇ ನಾರಿನ ದಿಕ್ಕು. ಅನುಮಾನ ಉಳಿದರೆ ಎರಡು ಅಂಗುಲದ ಚೌಕ ಕತ್ತರಿಸಿ ಒಂದು ಬದಿಗೆ ಮಾತ್ರ ನೀರು ಸವರಿದರೆ ಸಾಕು, ತುಂಡು ಕೊಳವೆಯಾಗಿ ಸುರುಳಿಕೊಳ್ಳುತ್ತದೆ. ಕೊಳವೆ ಯಾವ ಕಡೆಗೆ ಉದ್ದವೋ ಆ ಕಡೆಗೆ ನಾರು.

ಅಳತೆ ಇಳಿಸಿದ್ದರ ಇನ್ನೊಂದು ಲಾಭ ಎಂದೆವಲ್ಲ. ಡಿಜಿಟಲ್ ಪ್ರೆಸ್ಸಿನಲ್ಲಿ ನಡೆಯುವುದು 12 x 18 ಇಂಚಿನ ಹಾಳೆ, ಅಂದರೆ 305 x 457 ಮಿ.ಮೀ. ಯಂತ್ರ ಹಿಡಿಯುವ ಅಂಚು ಬಿಟ್ಟರೆ ಸುಮಾರು 295 x 445 ಉಳಿಯುತ್ತದೆ. ಕತ್ತರಿಸುವಾಗ ಬಿಳಿ ಅಂಚು ಕಾಣದಿರಲು ಸುತ್ತಲೂ 3 ಮಿ.ಮೀ. ಬ್ಲೀಡ್ ಬಿಡಬೇಕು. 48 x 165ರದ್ದು 54 x 171 ಆಯಿತು: ಅಗಲದಲ್ಲಿ ಐದು, ಉದ್ದದಲ್ಲಿ ಎರಡು, ಒಟ್ಟು ಹತ್ತು. 45 x 140ರದ್ದು 51 x 146: ಅಗಲದಲ್ಲಿ ಐದು, ಉದ್ದದಲ್ಲಿ ಮೂರು, ಒಟ್ಟು ಹದಿನೈದು. ಹಾಳೆಗೆ ಐದು ಹೆಚ್ಚು ಬಂತು. ಹೀಗೆ ಜೋಡಿಸಿದಾಗ ಬುಕ್‌ಮಾರ್ಕಿನ ಉದ್ದ ಹಾಳೆಯ 18 ಇಂಚಿನ ಕಡೆಗೆ ಬರುತ್ತದೆ. ಆದ್ದರಿಂದ ನಾರೂ 18 ಇಂಚಿನ ಕಡೆಗಿರುವ ಹಾಳೆಯನ್ನೇ ಕೇಳಿ ತರಿಸಬೇಕು. ಎರಡೂ ಬಗೆಯವು ಅಂಗಡಿಯಲ್ಲಿರುತ್ತವೆ.

ಅಕ್ಷರದ ಮಾತು. ಯುನಿಕೋಡ್‌ನಲ್ಲಿ ಟೈಪ್ ಮಾಡಿ ಒಯ್ದರೆ, ಪ್ರೆಸ್ಸಿನಲ್ಲಿ ಹಳೆಯ ಕೋರೆಲ್‌ಡ್ರಾ ಇದ್ದಲ್ಲಿ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ನಿಲ್ಲುತ್ತದೆ, ಅರ್ಕಾವತ್ತು ಯಾರದೋ ತಲೆಯ ಮೇಲೆ ಹೋಗಿ ಕೂರುತ್ತದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಒಯ್ದರೆ ಆ ಫಾಂಟ್ ಅಲ್ಲಿಲ್ಲದಿದ್ದಾಗ ಇಡೀ ಸಾಲೇ ಗಜಿಬಿಜಿ. ಎರಡಕ್ಕೂ ಮದ್ದು ಒಂದೇ: ಅಕ್ಷರವನ್ನೆಲ್ಲ ಕರ್ವ್ಸ್‌ಗೆ, ಅಂದರೆ ಬರೀ ಗೆರೆಯ ಆಕಾರಕ್ಕೆ ಬದಲಾಯಿಸಿ, ಪಿಡಿಎಫ್ ಮಾಡಿ ಕೊಡುವುದು. ಬದಲಾಯಿಸಿದ ಮೇಲೆ ತಿದ್ದಲು ಬರುವುದಿಲ್ಲ, ಹಾಗಾಗಿ ಕಾಗುಣಿತ ಮೊದಲೇ ನೋಡಿರಬೇಕು. ಅಕ್ಷರ 9 ಪಾಯಿಂಟಿಗಿಂತ ಚಿಕ್ಕದಾದರೆ 'ಕ್ಷ್ಮ', 'ಸ್ತ್ರ'ಗಳಂಥವು ಮಸಿ ತುಂಬಿ ಚುಕ್ಕೆಯಾಗುತ್ತವೆ. 9 ಪಾಯಿಂಟಿನ ಅಕ್ಷರಕ್ಕೆ ಸಾಲಿನಿಂದ ಸಾಲಿಗೆ 14 ಪಾಯಿಂಟ್ ಬಿಟ್ಟೆವು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಕಿರಿದಾದ ಪಟ್ಟಿಯಲ್ಲಿ ಅಕ್ಷರಗಳನ್ನು ಒಂದರ ಕೆಳಗೊಂದು ಪೇರಿಸುವ ಆಸೆ ಬರುತ್ತದೆ. ಕನ್ನಡಕ್ಕೆ ಅದು ಹೊಂದುವುದಿಲ್ಲ, ಓದುವ ಕಣ್ಣು ಪ್ರತಿ ಒತ್ತಿಗೂ ಮುಗ್ಗರಿಸುತ್ತದೆ. ಇಡೀ ಸಾಲನ್ನು 90 ಡಿಗ್ರಿ ತಿರುಗಿಸುವುದೇ ಸರಿ. ಕಪ್ಪು ಅಕ್ಷರಕ್ಕೆ ಬರೀ ಕಪ್ಪು ಮಸಿ ಸಾಕು. ನಾಲ್ಕೂ ಬಣ್ಣ ಬೆರೆಸಿದ ಕಪ್ಪಾದರೆ ಬಣ್ಣಗಳು ಕೂದಲೆಳೆಯಷ್ಟು ಜರುಗಿದರೂ ಅಕ್ಷರಕ್ಕೆ ನೆರಳು ಬರುತ್ತದೆ.

ಸುತ್ತಲೂ ಅಂದದ ಚೌಕಟ್ಟು ಹಾಕುವುದನ್ನು ಬಿಟ್ಟೆವು. ಕತ್ತಿ ಒಂದು ಮಿಲಿಮೀಟರ್ ತಪ್ಪಿದರೆ ಚೌಕಟ್ಟೇ ಅದನ್ನು ಊರಿಗೆಲ್ಲ ಸಾರುತ್ತದೆ. ಚೌಕಟ್ಟು ಇಲ್ಲದಿದ್ದರೆ ಯಾರಿಗೂ ತಿಳಿಯದು.

ಚಿತ್ರಕ್ಕೆ ಹಳೇಬೀಡು ಹತ್ತಿರವೇ ಇದೆ. ಹೊಯ್ಸಳೇಶ್ವರ ಗುಡಿಯ ಹೊರಗೋಡೆಯ ಪಟ್ಟಿಕೆಗಳನ್ನು ನೋಡಿದವರಿಗೆಲ್ಲ ಅದೇ ಬುಕ್‌ಮಾರ್ಕ್ ಅನ್ನಿಸುತ್ತದೆ. ಆನೆಗಳ ಸಾಲನ್ನು ಹಾಗೇ ಫೋಟೊ ತೆಗೆದು ಪಟ್ಟಿಯಾಗಿ ಕತ್ತರಿಸಿ ನೋಡಿದೆವು. ಎರಡು ತೊಂದರೆ. ಒಂದು, ಬಳಪದ ಕಲ್ಲಿನ ಬೂದು ಬಣ್ಣ ಅಚ್ಚಿನಲ್ಲಿ ಕೆಸರಾಗುತ್ತದೆ. ನಡುಮಧ್ಯಾಹ್ನ ತೆಗೆದರೆ ಉಬ್ಬುತಗ್ಗೇ ಕಾಣದು, ಬೆಳಗ್ಗೆ ಅಥವಾ ಸಂಜೆಯ ಓರೆಬಿಸಿಲಲ್ಲಿ ತೆಗೆದದ್ದೂ ಐದೂವರೆ ಇಂಚಿನ ಪಟ್ಟಿಗೆ ಇಳಿಸಿದಾಗ ಮಂಕು. ಎರಡನೆಯದು ಇನ್ನೂ ದೊಡ್ಡದು: ಪಟ್ಟಿಕೆ ಅಡ್ಡಕ್ಕೆ ಹರಿಯುತ್ತದೆ, ಬುಕ್‌ಮಾರ್ಕ್ ಪುಸ್ತಕದಲ್ಲಿ ನಿಲ್ಲುವುದು ಲಂಬವಾಗಿ. ಆನೆಗಳು ಗೋಡೆ ಹತ್ತುತ್ತಿರುವಂತೆ ಕಂಡವು.

ಉತ್ತರ ಗುಡಿಯಲ್ಲೇ ಇತ್ತು. ಅಲ್ಲಿ ಕೆಳಗಿನಿಂದ ಮೇಲಕ್ಕೆ ಎಂಟು ಪಟ್ಟಿಕೆಗಳಿವೆ: ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣದ ಕಥೆಗಳು, ಮಕರ, ತುದಿಗೆ ಹಂಸ. 140 ಮಿ.ಮೀ.ಯನ್ನು ಎಂಟರಿಂದ ಭಾಗಿಸಿದರೆ ಒಂದೊಂದಕ್ಕೆ 17.5 ಮಿ.ಮೀ. ಪ್ರತಿ ಪಟ್ಟಿಕೆಯಿಂದ ಒಂದೊಂದು ಆಕೃತಿ ಮಾತ್ರ ಎತ್ತಿಕೊಂಡು, ಫೋಟೊದ ಬದಲು ಗೆರೆಚಿತ್ರ ಬರೆಸಿ, ಅದೇ ಕ್ರಮದಲ್ಲಿ ಕೂರಿಸಿದಾಗ ಬುಕ್‌ಮಾರ್ಕೇ ಗೋಡೆಯಾಯಿತು. ಗೆರೆ ಅರ್ಧ ಪಾಯಿಂಟಿಗಿಂತ ತೆಳುವಾಗಬಾರದು. ಆನೆ ಕೆಳಗೇ ಇರಬೇಕು, ಭಾರ ಹೊರುವವನು ಅವನು. ಅಂದಕ್ಕೆಂದು ಕ್ರಮ ಬದಲಿಸಿದರೆ ಬೇಲೂರು ಹಳೇಬೀಡಿನ ಕಡೆಯವರು ಮೊದಲ ನೋಟಕ್ಕೇ ಹಿಡಿಯುತ್ತಾರೆ.

ಇಷ್ಟು ಮುಂಬದಿಯ ಕಥೆ. ಓದಿಗೆ ಬುಕ್‌ಮಾರ್ಕ್ ನಿಜವಾಗಿ ಒದಗುವುದು ಹಿಂಬದಿಯಲ್ಲಿ, ಹೆಚ್ಚಿನವರು ಅದನ್ನು ಖಾಲಿ ಬಿಡುತ್ತಾರೆ ಅಥವಾ ಅಂಗಡಿಯ ಜಾಹೀರಾತು ಹಾಕುತ್ತಾರೆ. ಮಲೆನಾಡಿನ ಮನೆತನಗಳ ದೊಡ್ಡ ಕಾದಂಬರಿ ಓದುವಾಗ ಯಾವ ಗೌಡರ ಮಗಳು ಯಾವ ಹೆಗ್ಗಡೆಯ ಸೊಸೆ ಎಂದು ನೂರನೇ ಪುಟದ ಹೊತ್ತಿಗೆ ಕಲಸಿಹೋಗುತ್ತದೆ. ಅದಕ್ಕೆ ಹಿಂಬದಿಯಲ್ಲಿ ವಂಶವೃಕ್ಷದ ಖಾಲಿ ಕೊಂಬೆಗಳನ್ನು ಅಚ್ಚುಮಾಡಿಸಿದೆವು, ಹೆಸರು ತುಂಬುವುದು ಓದುವವರ ಕೆಲಸ. ನಾವೇ ಹೆಸರು ತುಂಬಿಸಿ ಕೊಟ್ಟರೆ ಮುಂದೆ ಯಾರಿಗೆ ಯಾರು ಮದುವೆಯಾಗುತ್ತಾರೆಂಬ ಗುಟ್ಟನ್ನು ಬುಕ್‌ಮಾರ್ಕೇ ಬಿಟ್ಟುಕೊಟ್ಟಂತೆ!

ಇಲ್ಲಿ ಒಂದು ತಾಂತ್ರಿಕ ಇಕ್ಕಟ್ಟು. ಆರ್ಟ್ ಕಾರ್ಡಿನ ನುಣುಪು ಮೈ ಮೇಲೆ ಪೆನ್ಸಿಲ್ ಮೂಡುವುದಿಲ್ಲ, ಬಾಲ್‌ಪೆನ್ನಿನ ಮಸಿ ಒರೆಸಿಹೋಗುತ್ತದೆ. ಮ್ಯಾಟ್ ಲ್ಯಾಮಿನೇಷನ್ ಮೇಲೂ ಅಷ್ಟೇ. ಹಾಗೆಂದು ಮುಂಬದಿಗೆ ಮಾತ್ರ ಲ್ಯಾಮಿನೇಷನ್ ಹಾಕಿ ಹಿಂಬದಿ ಬಿಟ್ಟರೆ, ಬಿಟ್ಟ ಬದಿ ಮಾತ್ರ ತೇವ ಕುಡಿದು ಊದಿ, ಕಾರ್ಡು ಪ್ಲಾಸ್ಟಿಕ್ ಇರುವ ಕಡೆಗೆ ಬಾಗುತ್ತದೆ. ನಮ್ಮ ಒಂಬತ್ತರಲ್ಲಿ ಅತಿ ಹೆಚ್ಚು ಕೆಟ್ಟದ್ದು ಇದೇ. ಮೃಗಶಿರಾ ಮುಗಿಯುವ ಹೊತ್ತಿಗೇ ಹೊರಗಿಟ್ಟವು ಬಾಳೆಪಟ್ಟೆಯ ಹಾಗೆ ಮುದುರಿದ್ದವು. ಕೋಟಿಂಗ್ ಇಲ್ಲದ 250 ಜಿಎಸ್‌ಎಂ ಬಿಳಿ ಕಾರ್ಡ್, ಯಾವ ಲ್ಯಾಮಿನೇಷನ್ನೂ ಇಲ್ಲದ್ದು, ಎರಡೂ ಬದಿ ಸಮನಾಗಿ ತೇವ ಕುಡಿದು ನೆಟ್ಟಗೇ ಇತ್ತು. ಬಣ್ಣ ತುಸು ಮಂಕು, ಅಷ್ಟೇ. ಬರೆಯಲು ಹೇಳಿಮಾಡಿಸಿದಂತಿದೆ.

ಹಿಂಬದಿಯ ಇನ್ನೊಂದು ಪ್ರಯೋಗ ಕಾವ್ಯ ಓದುವವರಿಗೆ. ಕಡೂರು ತಾಲ್ಲೂಕಿನ ದೇವನೂರು ಲಕ್ಷ್ಮೀಶನ ಊರು. ಅವನ ಜೈಮಿನಿ ಭಾರತ ವಾರ್ಧಕ ಷಟ್ಪದಿಯಲ್ಲಿದೆ. ಹೊಸಬರು ಎಡವುವುದು ಎಲ್ಲಿ ಉಸಿರು ಬಿಡಬೇಕು ಎನ್ನುವಲ್ಲಿ. ಲೆಕ್ಕ ಹೀಗೆ: ಲಘು ಒಂದು ಮಾತ್ರೆ, ಗುರು ಎರಡು, ಮಾತ್ರೆಗಳ ಒಂದು ಗುಂಪು ಗಣ. ವಾರ್ಧಕದ 1, 2, 4, 5ನೇ ಸಾಲಿನಲ್ಲಿ ಐದು ಮಾತ್ರೆಯ ನಾಲ್ಕು ಗಣ, ಒಟ್ಟು 20. 3 ಮತ್ತು 6ರಲ್ಲಿ ಐದು ಮಾತ್ರೆಯ ಆರು ಗಣ, ಕೊನೆಗೊಂದು ಗುರು, ಒಟ್ಟು 32. ಕುಮಾರವ್ಯಾಸನ ಭಾಮಿನಿಯಲ್ಲಿ ಮೂರು-ನಾಲ್ಕು, ಮೂರು-ನಾಲ್ಕು, ಅಂದರೆ 14, ಉದ್ದದ ಸಾಲಿನಲ್ಲಿ ಮೂರು-ನಾಲ್ಕು ಮೂರು ಸಲ ಬಂದು ಮೇಲೊಂದು ಗುರು, 23. ಇದನ್ನು ಒಂದು ಮಾತ್ರೆಗೆ ಒಂದು ಚೌಕದಂತೆ ಬರೆದು, ಗಣ ಬದಲಾದಲ್ಲಿ ಬಣ್ಣ ಬದಲಿಸಿದೆವು. ಮೊದಲು ಅಗಲದ ಕಡೆಗೆ ಬರೆದಾಗ ಅಂಚು ಬಿಟ್ಟು ಉಳಿದ 37 ಮಿ.ಮೀ.ಯಲ್ಲಿ 32 ಚೌಕ ಹಿಡಿಸಬೇಕಾಗಿ ಒಂದೊಂದು ಸಾಸಿವೆಯಷ್ಟಾಯಿತು. ಉದ್ದಕ್ಕೆ ತಿರುಗಿಸಿದೆವು: 132 ಮಿ.ಮೀ.ಯಲ್ಲಿ 32 ಚೌಕ, ಒಂದೊಂದು 4 ಮಿ.ಮೀ.ಗೆ ಚೂರು ಮೇಲೆ. ಆರು ಸಾಲು ಸೇರಿ 25 ಮಿ.ಮೀ. ಎತ್ತರ, ತಲೆಬರಹಕ್ಕೂ ಜಾಗ ಉಳಿಯಿತು. ಬೆರಳಿಟ್ಟು ಎಣಿಸುತ್ತ ಓದಿದರೆ ನಾಲ್ಕನೇ ಪದ್ಯಕ್ಕೆ ಬುಕ್‌ಮಾರ್ಕ್ ನೋಡುವುದೇ ಬೇಕಾಗುವುದಿಲ್ಲ.

ಹಳಗನ್ನಡ ಕಾವ್ಯಗಳಲ್ಲಿ ಪದ್ಯ ಒಂದು ಕಡೆ, ಕಠಿಣ ಪದಗಳ ಅರ್ಥ ಪುಸ್ತಕದ ಕೊನೆಯಲ್ಲಿ. ಅಂಥ ಪುಸ್ತಕಕ್ಕೆ ಎರಡು ಬುಕ್‌ಮಾರ್ಕ್ ಬೇಕು, ಎರಡರ ಬಣ್ಣ ಬೇರೆ ಇರಬೇಕು. ಹಿಂದಿನದು ಮುಂದಿನದಕ್ಕಿಂತ 10 ಮಿ.ಮೀ. ಉದ್ದವಿದ್ದರೆ ಕಣ್ಣು ಹಾಯಿಸದೆ ಕೈಯೇ ಹುಡುಕಿಕೊಳ್ಳುತ್ತದೆ. ಯಾವ ಪುಟ, ಎಡವೋ ಬಲವೋ ಎಂಬ ಗೊಂದಲಕ್ಕೂ ಒಂದು ರೂಢಿ ಸಾಕು: ಚಿತ್ರದ ಬದಿ ಯಾವ ಪುಟಕ್ಕೆ ಮುಖಮಾಡಿದೆಯೋ ಆ ಪುಟದಲ್ಲಿ ನಿಲ್ಲಿಸಿದ್ದು ಎಂದರ್ಥ.

ಕಣ್ಣು ಮಂಜಾದ ಹಿರಿಯರಿಗೂ ಅಕ್ಷರ ಕಲಿಯುವ ಮಕ್ಕಳಿಗೂ ಒಂದೇ ಸಾಲು ಕಾಣುವ ಕಿಂಡಿ-ಕಾರ್ಡು ಮಾಡಿದೆವು. 13 x 5 ಸೆಂ.ಮೀ. ಕಾರ್ಡಿನ ನಡುವೆ 10.5 ಸೆಂ.ಮೀ. ಉದ್ದ, 8 ಮಿ.ಮೀ. ಎತ್ತರದ ಕಿಂಡಿ. ಡೆಮಿ ಪುಸ್ತಕದ ಸಾಲು ಹೆಚ್ಚುಕಡಿಮೆ ಅಷ್ಟುದ್ದವೇ ಇರುತ್ತದೆ. ಮೊದಲು 6 ಮಿ.ಮೀ. ಇಟ್ಟು ಒತ್ತಕ್ಷರಗಳ ಕಾಲು ಕತ್ತರಿಸಿಕೊಂಡೆವು. ಕಾರ್ಡಿಗೆ ತಿಳಿಬೂದು ಒಳ್ಳೆಯದು, ಹಳದಿ ಕಣ್ಣು ಚುಚ್ಚುತ್ತದೆ.

ಕುಚ್ಚಿಗೆ ಬರೋಣ. ಸೀರೆಗೆ ಕುಚ್ಚು ಕಟ್ಟುವವರ ಹತ್ತಿರ ಉಳಿದ ರೇಷ್ಮೆ ದಾರ ಸಿಗುತ್ತದೆ. 7 ಸೆಂ.ಮೀ. ರಟ್ಟಿಗೆ ಮೂವತ್ತು ಸುತ್ತು ಸುತ್ತಿ, ಮೇಲೆ ಕಟ್ಟಿ, ಕೆಳಗೆ ಕತ್ತರಿಸಿ, ತಲೆಯಿಂದ ಒಂದು ಸೆಂ.ಮೀ. ಕೆಳಗೆ ಬಿಗಿದರೆ ಮುಗಿಯಿತು. ಐವತ್ತು ಸುತ್ತಾದರೆ ಕುಚ್ಚು ದಪ್ಪವಾಗಿ ಪುಸ್ತಕವನ್ನು ಕಪಾಟಿನಲ್ಲಿ ನಿಲ್ಲಿಸಲು ಬಿಡುವುದಿಲ್ಲ. ಕುಚ್ಚು ಯಾವಾಗಲೂ ಪುಸ್ತಕದ ಹೊರಗಿರಬೇಕು. ದಾರ ತೂರಿಸುವ ತೂತು 4 ಮಿ.ಮೀ., ಅಂಚಿನಿಂದ ಕನಿಷ್ಠ 8 ಮಿ.ಮೀ. ಒಳಗೆ. ತೂತಿಗೆ ಕಬ್ಬಿಣದ ಐಲೆಟ್ (ತೂತಿನ ಅಂಚಿಗೆ ಕೂರಿಸುವ ಪುಟ್ಟ ಬಳೆ) ಹಾಕಿದ್ದು ಜುಲೈನಲ್ಲಿ ತುಕ್ಕು ಹಿಡಿದು ಪುಟದ ಮೇಲೆ ಕಂದು ಉಂಗುರ ಬಿಟ್ಟಿತು. ಹಿತ್ತಾಳೆಯದಕ್ಕೆ ಕಿಲುಬು. ಐಲೆಟ್ ಇಲ್ಲದೆ ದಾರವನ್ನೇ ಕುಣಿಕೆ ಹಾಕಿದರೆ ಏನೂ ಆಗುವುದಿಲ್ಲ. ಬಣ್ಣದ ದಾರವನ್ನು ಕಟ್ಟುವ ಮೊದಲು ಒದ್ದೆ ಬಿಳಿ ಬಟ್ಟೆಯಲ್ಲಿ ಹತ್ತು ನಿಮಿಷ ಹಿಂಡಿ ಹಿಡಿಯಬೇಕು. ಕೆಂಪು ಮತ್ತು ಮರೂನು ಬಹುತೇಕ ಬಣ್ಣ ಬಿಡುತ್ತವೆ. ಪುಟಕ್ಕೆ ಸಿಕ್ಕಿಸುವ ಜೆಮ್ ಕ್ಲಿಪ್ಪಿನದೂ ತುಕ್ಕಿನದೇ ಪಾಡು. ಮ್ಯಾಗ್ನೆಟ್ ಬುಕ್‌ಮಾರ್ಕ್ ಜಾರುವುದಿಲ್ಲ ನಿಜ, ಎರಡು ಪದರ ಸೇರಿ ಮಿಲಿಮೀಟರ್ ದಾಟುವುದರಿಂದ ಹೇರಿಟ್ಟ ಪುಸ್ತಕಗಳಿಗೆ ಬೇಡ.

ಇನ್ನು ಊರಿನದೇ ಸಾಮಗ್ರಿ ಬಳಸುವ ಹುಮ್ಮಸ್ಸು. ಕಾಫಿ ಸೀಮೆಯಲ್ಲಿದ್ದು ಕಾಫಿ ಬಣ್ಣದ ಬುಕ್‌ಮಾರ್ಕ್ ಮಾಡದಿದ್ದರೆ ಹೇಗೆ? 250 ಮಿ.ಲೀ. ಕುದಿನೀರಿಗೆ ನಾಲ್ಕು ದೊಡ್ಡ ಚಮಚ ಪುಡಿ, ಸೋಸಿ, ದಪ್ಪ ಕಾಗದವನ್ನು ಐದು ನಿಮಿಷ ಮುಳುಗಿಸಿ, ದಾರದ ಮೇಲೆ ಒಣಹಾಕಿ, ಬಟ್ಟೆಯ ನಡುವೆ ಇಸ್ತ್ರಿ ಮಾಡಿದೆವು. ಮೊದಲ ಸಲ ಮನೆಯ ಡಬ್ಬಿಯಲ್ಲಿದ್ದ ಚಿಕೋರಿ ಬೆರೆತ ಪುಡಿ ಹಾಕಿದ್ದು ತಪ್ಪಾಯಿತು. ಚಿಕೋರಿಯ ಸಕ್ಕರೆ ಅಂಶ ಕಾಗದವನ್ನು ಜಿಗುಟು ಮಾಡಿತು, ಇರುವೆಯೂ ಬಂತು. ಬರೀ ಕಾಫಿ ಪುಡಿಯದ್ದು ಚಂದ ಬಂತು, ಪರಿಮಳವೂ ಒಂದು ವಾರ ಇತ್ತು. ಆದರೆ ಕಾಫಿ ಆಮ್ಲೀಯ. ಸೆಪ್ಟೆಂಬರಿನಲ್ಲಿ ತೆರೆದಾಗ ಎದುರಿನ ಎರಡೂ ಪುಟಗಳಲ್ಲಿ ಬುಕ್‌ಮಾರ್ಕಿನ ಕಂದು ನೆರಳು ಅಚ್ಚಾಗಿತ್ತು. ಡೈರಿಗೆ, ಲೆಕ್ಕದ ಪುಸ್ತಕಕ್ಕೆ ಇಟ್ಟುಕೊಳ್ಳಬಹುದು. ನಾಳೆ ಇನ್ನೊಬ್ಬರಿಗೆ ದಾಟಿಸುವ ಪುಸ್ತಕಕ್ಕೆ ಖಂಡಿತ ಬೇಡ. ನ್ಯೂಸ್‌ಪ್ರಿಂಟಿನ ತುಂಡು ಇಟ್ಟರೂ ಇದೇ ಗತಿ, ನಿಧಾನವಾಗಿ.

ಅಡಿಕೆ ಹಾಳೆಯನ್ನು ಒತ್ತಿದರೂ ಒಂದೂವರೆ ಮಿ.ಮೀ.ಗಿಂತ ಕೆಳಗಿಳಿಯಲಿಲ್ಲ, ಮಳೆ ಹಿಡಿದ ಹತ್ತೇ ದಿನಕ್ಕೆ ಬೂಷ್ಟು. ಅದು ಊಟಕ್ಕೇ ಇರಲಿ.

ಎಲೆಗಳಲ್ಲಿ ಗೆದ್ದದ್ದು ಜರಿಗಿಡ. ತೆಳು, ರಸ ಕಡಿಮೆ. ಕಾಫಿ ಎಲೆ ದಪ್ಪ, ಒಣಗಿದಾಗ ಕರಿಕಂದು. ಮನೆಯ ಹಿತ್ತಿಲಿನದನ್ನು ಮಾತ್ರ ಕೊಯ್ಯಬೇಕು, ಗಿರಿಶ್ರೇಣಿಯ ಕಾಡಿಗೆ ಕೈ ಹಾಕುವ ಅಗತ್ಯವಿಲ್ಲ. ಕೆಲಸ ಜನವರಿಯಿಂದ ಮಾರ್ಚ್ ಒಳಗೆ ಮುಗಿಯಬೇಕು. ಹೀರುವ ಕಾಗದದ ನಡುವೆ ಇಟ್ಟು ಭಾರ ಹೇರಿ, ಮೊದಲ ನಾಲ್ಕು ದಿನ ದಿನಕ್ಕೊಮ್ಮೆ ಕಾಗದ ಬದಲಿಸಿ, ಹದಿನೈದು ದಿನ ಬಿಡಬೇಕು. ಬಾಗಿಸಿದರೆ ಮುರಿಯುವಷ್ಟು ಒಣಗಿದ್ದರೆ ಮಾತ್ರ ಪೌಚ್‌ಗೆ ಹೋಗಬಹುದು. ಹತ್ತನೇ ದಿನಕ್ಕೇ ಆತುರಪಟ್ಟು ಲ್ಯಾಮಿನೇಷನ್ ಮಾಡಿದ್ದರೊಳಗೆ ಉಳಿದ ತೇವ ಎಲ್ಲೂ ಹೋಗಲಾಗದೆ, ಆಗಸ್ಟಿನಲ್ಲಿ ಪ್ಲಾಸ್ಟಿಕ್ಕಿನೊಳಗೇ ಬಿಳಿ ಬೂಷ್ಟು ಬೆಳೆದಿತ್ತು. ಎಲೆಗೆ 80 ಮೈಕ್ರಾನಿನ ಪೌಚ್ ಸಾಕು. ಎಲೆಯ ಸುತ್ತ 3 ಮಿ.ಮೀ. ಬರೀ ಪ್ಲಾಸ್ಟಿಕ್ ಅಂಟಿಕೊಂಡಿರಬೇಕು, ಅದಕ್ಕಿಂತ ಹತ್ತಿರ ಕತ್ತರಿಸಿದರೆ ಬಾಯಿ ಬಿಡುತ್ತದೆ. ಮೂಲೆಗಳನ್ನು ದುಂಡು ಮಾಡದಿದ್ದರೆ ಚೂಪು ತುದಿ ಪುಟ ಹರಿಯುತ್ತದೆ, 5 ಮಿ.ಮೀ.ಯ ಕಾರ್ನರ್ ಪಂಚ್ ಸಿಗುತ್ತದೆ.

ಅರಳಿ ಎಲೆಯ ಜಾಲರಿ ಎಲ್ಲರಿಗೂ ಗೊತ್ತಿರುವುದೇ. ಮೂರು ನಾಲ್ಕು ವಾರ ನೀರಲ್ಲಿ ನೆನೆಸಿ, ವಾರಕ್ಕೊಮ್ಮೆ ನೀರು ಚೆಲ್ಲಿ, ಕೊಳೆತ ತಿರುಳನ್ನು ಮೆತ್ತಗಿನ ಹಲ್ಲುಜ್ಜುವ ಬ್ರಶ್ಶಿನಿಂದ ತಟ್ಟಿ ತೆಗೆಯಬೇಕು. ಉಜ್ಜಿದರೆ ಹರಿಯುತ್ತದೆ. ವಾಸನೆ ತಡೆಯಲು ಡಬ್ಬಿ ಹೊರಗಿಡುವುದು ಮನೆಯವರೊಂದಿಗಿನ ಸಂಬಂಧಕ್ಕೆ ಒಳ್ಳೆಯದು. ಬರೀ ಜಾಲರಿ ಎರಡು ತಿಂಗಳಲ್ಲಿ ಪುಡಿಯಾಗುತ್ತದೆ, ಕಾರ್ಡಿಗೆ ಅಂಟಿಸಿದ್ದು ಉಳಿಯಿತು. ಅಂಟಿಗೆ ನೀರು ಬೆರೆಸಿದ ಫೆವಿಕಾಲ್ ಬಳಸಿದೆವು. ಮೈದಾ ಗೋಂದಾದರೆ ಹುಳು ತಿನ್ನುತ್ತದೆ. ಬೈಂಡಿಂಗ್‌ನವರು ಹುಳು ಬಾರದಿರಲೆಂದು ಗೋಂದಿಗೆ ಮೈಲುತುತ್ತ ಹಾಕುತ್ತಾರೆ, ತೋಟದಲ್ಲಿ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಬಳಸುವ ಅದೇ ಮೈಲುತುತ್ತ. ಅದು ವಿಷ. ಮಕ್ಕಳ ಕೈಗೆ, ಓದುತ್ತ ಬೆರಳು ನೆಕ್ಕುವವರ ಬಾಯಿಗೆ ಹೋಗುವ ವಸ್ತುವಿಗೆ ಸಲ್ಲದು.

ದೊಡ್ಡ, ರಟ್ಟಿನ ಬೈಂಡ್‌ನ ಪುಸ್ತಕಕ್ಕೆ ರಿಬ್ಬನ್ನಿಗಿಂತ ಒಳ್ಳೆಯದಿಲ್ಲ. 6 ಮಿ.ಮೀ. ಅಗಲದ ಸ್ಯಾಟಿನ್ ತೆಳು, ಕಳೆಯುವುದಿಲ್ಲ. ಉದ್ದವನ್ನು ಪುಟದ ಕರ್ಣದಿಂದ ಲೆಕ್ಕ ಹಾಕಬೇಕು, ಎತ್ತರದಿಂದಲ್ಲ. ಡೆಮಿಯ ಕರ್ಣ ಸುಮಾರು 25.7 ಸೆಂ.ಮೀ., ಬೆನ್ನಿಗೆ ಅಂಟಿಸಲು 2.5, ಹೊರಗೆ ಹಿಡಿಯಲು 4, ಒಟ್ಟು 32. ಎತ್ತರಕ್ಕೆ ಸರಿಯಾಗಿ ಕತ್ತರಿಸಿದ್ದು ಮೂಲೆಯಿಂದ ಈಚೆ ಬರಲೇ ಇಲ್ಲ. ತುದಿಯನ್ನು ಓರೆಯಾಗಿ ಕತ್ತರಿಸಿ ಊದುಬತ್ತಿಯ ಕೆಂಡ ತೋರಿಸಿದರೆ ಪಾಲಿಯೆಸ್ಟರ್ ಕರಗಿ ಎಳೆ ಬಿಡುವುದಿಲ್ಲ. ಪಾರಾಯಣದ ಪುಸ್ತಕಗಳಲ್ಲಿ ಹೂವಿನ ಎಸಳು, ತುಳಸಿ ಇಟ್ಟು ಕಲೆಯಾಗುವುದನ್ನು ತಪ್ಪಿಸಲೂ ರಿಬ್ಬನ್ನೇ ದಾರಿ. ನಮ್ಮ ಜಿಲ್ಲೆಯ ಶೃಂಗೇರಿ ಮಠದ ಹಳೆಯ ಕಡತಗಳಿಗೆ ಈ ತಾಪತ್ರಯವೇ ಇರಲಿಲ್ಲ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಬಳಪದಲ್ಲಿ ಬರೆದು, ಮಡಿಕೆ ಮಡಿಕೆಯಾಗಿ ಇಡುತ್ತಿದ್ದರು. ನಿಲ್ಲಿಸಿದ ಮಡಿಕೆಯನ್ನು ಮೇಲೆ ಮಾಡಿ ಇಟ್ಟರೆ ಅದೇ ಗುರುತು.

ಈ ಸಲ ಪ್ರೆಸ್ಸಿಗೆ ಬರೆದುಕೊಟ್ಟ ಚೀಟಿ ಇಷ್ಟು: 250 ಜಿಎಸ್‌ಎಂ, ಕೋಟಿಂಗ್ ಇಲ್ಲದ ಬಿಳಿ ಕಾರ್ಡ್, 12 x 18, ನಾರು 18ರ ಕಡೆಗೆ. ಹಾಳೆಗೆ 15ರಂತೆ 300ಕ್ಕೆ 20 ಹಾಳೆ, ಸೆಟ್ಟಿಂಗ್‌ಗೆ ಎರಡು ಹೆಚ್ಚು. ಮುಂದೆ ಎಂಟು ಪಟ್ಟಿಕೆ, ಹಿಂದೆ ಅರ್ಧದಷ್ಟು ಕಾರ್ಡುಗಳಿಗೆ ವಂಶವೃಕ್ಷ, ಉಳಿದರ್ಧಕ್ಕೆ ಷಟ್ಪದಿ. ಲ್ಯಾಮಿನೇಷನ್ ಬೇಡ, ಐಲೆಟ್ ಬೇಡ, ಚೌಕಟ್ಟು ಇಲ್ಲ. ಕತ್ತರಿಸಿದ ಮೇಲೆ ಐವತ್ತೈವತ್ತರ ಕಟ್ಟು ಮಾಡಿ, ರಬ್ಬರ್ ಬ್ಯಾಂಡ್ ಹಾಕದೆ, ಕಾಗದದ ಪಟ್ಟಿ ಸುತ್ತಿ ಕೊಡುವುದು.